ಟೆಲಿಫೋನಿನ ಗಂಟೆ ಹೊಡೆದಾಗ ಇಂಟರ್‌ನೆಟ್ ನಿಲ್ಲುವುದೇಕೆ?

ಇಂದಿರಾಪುರಂನ ನಮ್ಮ ಉಚಿತ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರು ಒಂದೇ ದೂರನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ಒಬ್ಬರ ಮನೆಯಲ್ಲಿ ಮಗಳು ಪರೀಕ್ಷೆಯ ಅರ್ಜಿ ತುಂಬುತ್ತಿರುವಾಗ ಟೆಲಿಫೋನಿನ ಗಂಟೆ ಹೊಡೆಯಿತೆಂದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಇನ್ನೊಬ್ಬರು ಮನೆಯಲ್ಲಿ ಕುಳಿತು ಲೆಕ್ಕಪತ್ರದ ಕೆಲಸ ಮಾಡುವವರು. ಯಾರಾದರೂ ರಿಸೀವರು ಎತ್ತಿದೊಡನೆ ಕಚೇರಿಯ ಸಂಪರ್ಕ ಕಡಿದುಹೋಗಿ, ಆ ಹೊತ್ತಿನ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಮತ್ತೊಬ್ಬರ ತಂದೆತಾಯಿಗಳು ಊರಿನಲ್ಲಿದ್ದಾರೆ. ಅಲ್ಲಿ ಹಳೆಯ ಟೆಲಿಫೋನಿನ ತಂತಿಯ ಮೇಲೆಯೇ ಇಂಟರ್‌ನೆಟ್. ವಾರಕ್ಕೊಮ್ಮೆ ಮುಖ ನೋಡಿ ಮಾತನಾಡುವ ಹೊತ್ತಿಗೆ ಆ ಮನೆಗೆ ಬೇರೆ ಕಡೆಯಿಂದ ಫೋನು ಬಂದರೆ, ಇತ್ತ ತಾಯಿಯ ಚಿತ್ರ ಕಲ್ಲಿನಂತೆ ನಿಂತುಬಿಡುತ್ತದೆ.

ಇಂತಹ ಸಮಯದಲ್ಲಿ ಸಾಮಾನ್ಯವಾಗಿ ಜನರು ಮಾಡುವುದು ಮೂರು ಕೆಲಸ. ಹೊಸ ಮೋಡೆಮು ಕೊಂಡು ತರುವುದು, ಟೆಲಿಫೋನನ್ನೇ ಕಿತ್ತಿಡುವುದು, ಅದೂ ಆಗದಿದ್ದರೆ ಲೈನ್‌ಮನ್ನನನ್ನು ಬೈಯುವುದು. ಮೊದಲನೆಯದರಿಂದ ಹಣ ಹೋಗುತ್ತದೆ, ಎರಡನೆಯದರಿಂದ ಟೆಲಿಫೋನು ಹೋಗುತ್ತದೆ, ಮೂರನೆಯದರಿಂದ ಸ್ನೇಹ ಹೋಗುತ್ತದೆ. ದೋಷ ಮಾತ್ರ ಇದ್ದಲ್ಲಿಯೇ ಇರುತ್ತದೆ.

ನಾವು ಎಂಜಿನಿಯರರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೆ ಲೆಕ್ಕ ತಾಳೆಯಾಗದಿದ್ದಾಗ ನಾವು ಪುಸ್ತಕವನ್ನೇ ಹರಿದುಹಾಕುವುದಿಲ್ಲ. ಯಾವ ಪುಟದವರೆಗೆ ಸರಿಯಾಗಿದೆ ಎಂದು ನೋಡಿಕೊಂಡು ಅಲ್ಲಿಂದ ಮುಂದಕ್ಕೆ ಹುಡುಕುತ್ತೇವೆ. ಟೆಲಿಫೋನು ಲೈನಿನ ದೋಷವನ್ನು ಹುಡುಕುವ ಕ್ರಮವೂ ಇದೇ. ಕಂಪೆನಿಯ ತಂತಿ ಎಲ್ಲಿ ಮುಗಿಯುತ್ತದೆ, ನಮ್ಮ ಮನೆಯ ತಂತಿ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಗುರುತಿಸಿ, ಆ ಗಡಿಯಲ್ಲಿ ಪರೀಕ್ಷೆ ಮಾಡಿದರೆ, ದೋಷ ಯಾರ ಪಾಲಿನದು ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಒಂದು ತಂತಿ, ಎರಡು ಕೆಲಸ

ಟೆಲಿಫೋನಿನ ತಾಮ್ರದ ತಂತಿಯನ್ನು ಮೊದಲು ಎಳೆದದ್ದು ಮಾತಿಗಾಗಿ. ನಮ್ಮ ದೇಶದಲ್ಲಿ 1882ರ ಜನವರಿಯಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. 1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಅಲ್ಲಿ ತಯಾರಾದ ಟೆಲಿಫೋನುಗಳು ದೇಶದ ಮೂಲೆಮೂಲೆಗೂ ಹೋದವು. ಅಂದಿನ ಯಂತ್ರಕ್ಕೂ ತಂತಿಗೂ ಇದ್ದ ಕೆಲಸ ಒಂದೇ: ಮನುಷ್ಯನ ಧ್ವನಿಯನ್ನು ಸಾಗಿಸುವುದು.

1995ರ ಆಗಸ್ಟಿನಲ್ಲಿ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತಾಗ, ಮೋಡೆಮು ಟೆಲಿಫೋನಿನಂತೆಯೇ ನಂಬರು ತಿರುಗಿಸಿ ಮಾತಿನ ದಾರಿಯಲ್ಲಿಯೇ ಸಂಪರ್ಕ ಪಡೆಯುತ್ತಿತ್ತು. ಆಗ ಇಂಟರ್‌ನೆಟ್ ಇದ್ದರೆ ಫೋನಿಲ್ಲ, ಫೋನಿದ್ದರೆ ಇಂಟರ್‌ನೆಟ್ ಇಲ್ಲ. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಮತ್ತು ಎಂ.ಟಿ.ಎನ್.ಎಲ್. ಸಂಸ್ಥೆಗಳು ಬ್ರಾಡ್‌ಬ್ಯಾಂಡನ್ನು ಆರಂಭಿಸಿದವು. ಇದರ ಮುಖ್ಯ ಗುಣವೇ ಒಂದೇ ತಂತಿಯ ಮೇಲೆ ಮಾತೂ ಇಂಟರ್‌ನೆಟ್ಟೂ ಏಕಕಾಲಕ್ಕೆ ನಡೆಯುವುದು. ಆದುದರಿಂದ ವಾಚಕರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ‘ಫೋನು ಬಂದರೆ ನೆಟ್ಟು ಹೋಗುವುದು ಸಹಜ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಅದು ಈ ವ್ಯವಸ್ಥೆಯ ಸ್ವಭಾವವಲ್ಲ, ದೋಷ. ದೋಷವಾದ್ದರಿಂದ ಅದಕ್ಕೆ ಪರಿಹಾರವಿದೆ.

ಒಂದೇ ತಂತಿಯಲ್ಲಿ ಎರಡು ಹೇಗೆ ಹರಿಯುತ್ತವೆ? ಯಕ್ಷಗಾನದ ಬಯಲಿನಲ್ಲಿ ಮದ್ದಳೆಯ ನಾದವೂ ಚಕ್ರತಾಳದ ಕಿಣಿಕಿಣಿಯೂ ಒಂದೇ ಗಾಳಿಯಲ್ಲಿ ಬರುತ್ತವೆ. ಆದರೂ ಒಂದು ಇನ್ನೊಂದನ್ನು ನುಂಗುವುದಿಲ್ಲ. ಒಂದರ ಕಂಪನ ನಿಧಾನ, ಇನ್ನೊಂದರದು ವೇಗ. ತಂತಿಯಲ್ಲಿಯೂ ಹಾಗೆಯೇ. ಟೆಲಿಫೋನಿನ ಮಾತು ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳೊಳಗೆ ಮುಗಿಯುತ್ತದೆ. ಬ್ರಾಡ್‌ಬ್ಯಾಂಡಿನ ಸಂಕೇತಗಳು ಸೆಕೆಂಡಿಗೆ ಸುಮಾರು 25,000 ಕಂಪನಗಳಿಂದ ಆರಂಭವಾಗಿ 11 ಲಕ್ಷದವರೆಗೆ ಹೋಗುತ್ತವೆ. ಅನಂತರ ಬಂದ ಸುಧಾರಿತ ಕ್ರಮದಲ್ಲಿ 22 ಲಕ್ಷದವರೆಗೂ ಏರುತ್ತವೆ. ಇವುಗಳಲ್ಲಿ ಕೆಳಗಿನ ಭಾಗ ನಮ್ಮಿಂದ ಹೊರಗೆ ಹೋಗುವ ವಿಷಯಕ್ಕೆ, ಮೇಲಿನ ದೊಡ್ಡ ಭಾಗ ಹೊರಗಿನಿಂದ ನಮಗೆ ಬರುವ ವಿಷಯಕ್ಕೆ ಮೀಸಲು. ಮಾತಿಗೂ ಇಂಟರ್‌ನೆಟ್ಟಿಗೂ ನಡುವೆ ಖಾಲಿ ಜಾಗವನ್ನೂ ಬಿಟ್ಟಿರುತ್ತಾರೆ. ಇಷ್ಟು ದೂರ ಇಟ್ಟಿದ್ದರೂ ಜಗಳ ಏಕೆ ಬರುತ್ತದೆ?

ಗಂಟೆ ಹೊಡೆದಾಗ ತಂತಿಯಲ್ಲಿ ನಡೆಯುವುದು

ಟೆಲಿಫೋನು ಸುಮ್ಮನೆ ಕುಳಿತಿರುವಾಗಲೂ ತಂತಿಯಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುವ ಸುಮಾರು 48 ವೋಲ್ಟು ಇರುತ್ತದೆ. ಮನೆಯ ವಿದ್ಯುತ್ತು ಹೋದಾಗಲೂ ಹಳೆಯ ಟೆಲಿಫೋನು ನಡೆಯುವುದು ಇದರಿಂದಲೇ. ಯಾರಾದರೂ ನಮಗೆ ಫೋನು ಮಾಡಿದಾಗ ಎಕ್ಸ್‌ಚೇಂಜು ಗಂಟೆ ಹೊಡೆಯಿಸಲು ಸುಮಾರು 75 ವೋಲ್ಟಿನ, ಹಿಂದಕ್ಕೂ ಮುಂದಕ್ಕೂ ತೂಗುವ ವಿದ್ಯುತ್ತನ್ನು ಕಳಿಸುತ್ತದೆ. ರಿಸೀವರನ್ನು ಎತ್ತಿದಾಗ ಮಂಡಲ ಪೂರ್ತಿಯಾಗಿ ತಂತಿಯಲ್ಲಿ ವಿದ್ಯುತ್ಪ್ರವಾಹ ಹರಿಯತೊಡಗುತ್ತದೆ. ಯಂತ್ರದ ಬಳಿ ವೋಲ್ಟು ಹತ್ತರ ಆಸುಪಾಸಿಗೆ ಇಳಿಯುತ್ತದೆ. ಕೆಳಗೆ ಇಟ್ಟಾಗ ಮತ್ತೆ 48ಕ್ಕೆ ಜಿಗಿಯುತ್ತದೆ. ಹೀಗೆ ಒಂದು ಕರೆ ಎಂದರೆ ತಂತಿಗೆ ಕಡಿಮೆಯೆಂದರೆ ಮೂರು ಜೋಲಿ: ಗಂಟೆ, ಎತ್ತುವುದು, ಇಡುವುದು.

ತಂತಿ ಗಟ್ಟಿಯಾಗಿದ್ದು, ಟೆಲಿಫೋನಿಗೂ ಮೋಡೆಮಿಗೂ ನಡುವೆ ತಡೆ ಸರಿಯಾಗಿದ್ದರೆ ಈ ಜೋಲಿಗಳು ಮೋಡೆಮಿಗೆ ತಿಳಿಯುವುದೇ ಇಲ್ಲ. ತಡೆಯಿಲ್ಲದಿದ್ದರೆ ಜೋಲಿ ನೇರವಾಗಿ ಮೋಡೆಮಿಗೆ ತಾಗುತ್ತದೆ. ಅಷ್ಟೇ ಅಲ್ಲ, ಟೆಲಿಫೋನಿನ ಒಳಗಿನ ಭಾಗಗಳು ಲಕ್ಷಗಟ್ಟಲೆ ಕಂಪನಗಳಿಗಾಗಿ ಮಾಡಿದವುಗಳಲ್ಲ. ಅವು ಇಂಟರ್‌ನೆಟ್ಟಿನ ಸಂಕೇತವನ್ನು ಸ್ವಲ್ಪ ನುಂಗುತ್ತವೆ, ಸ್ವಲ್ಪ ಹಿಂದಕ್ಕೆ ದೂಡುತ್ತವೆ. ಮೋಡೆಮು ಮತ್ತು ಎಕ್ಸ್‌ಚೇಂಜಿನ ಯಂತ್ರ ಪರಸ್ಪರ ತಾಳ ಹಿಡಿದು ಕೆಲಸ ಮಾಡುತ್ತವೆ. ತಾಳ ತಪ್ಪಿದರೆ ಎರಡೂ ಎಲ್ಲವನ್ನೂ ನಿಲ್ಲಿಸಿ, ತಂತಿಯನ್ನು ಮತ್ತೆ ಅಳೆದು, ಹೊಸದಾಗಿ ತಾಳ ಹಿಡಿಯಬೇಕು. ಇದಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ, ಕೆಲವೊಮ್ಮೆ ಇನ್ನೂ ಹೆಚ್ಚೋ ಬೇಕು. ನಾವು ‘ನೆಟ್ಟು ಹೋಯಿತು’ ಎನ್ನುವುದು ಈ ಹೊತ್ತನ್ನು.

ಫಿಲ್ಟರು ಎಂಬ ಜರಡಿ

ಈ ಜಗಳವನ್ನು ತಡೆಯುವುದಕ್ಕೆಂದೇ ಬ್ರಾಡ್‌ಬ್ಯಾಂಡಿನೊಂದಿಗೆ ಒಂದು ಸಣ್ಣ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು ಕೊಡುತ್ತಾರೆ. ಅದನ್ನು ಕೆಲವರು ಸ್ಪ್ಲಿಟರೆಂದೂ ಕೆಲವರು ಫಿಲ್ಟರೆಂದೂ ಕರೆಯುತ್ತಾರೆ. ಅದರೊಳಗೆ ಇರುವುದು ತಂತಿಯ ಸುರುಳಿಗಳು ಮತ್ತು ಕೆಪ್ಯಾಸಿಟರುಗಳು, ಇಷ್ಟೇ. ಸುರುಳಿಯು ನಿಧಾನದ ಕಂಪನಗಳನ್ನು ಬಿಟ್ಟು ವೇಗದ ಕಂಪನಗಳನ್ನು ತಡೆಯುತ್ತದೆ; ತಪ್ಪಿಸಿಕೊಂಡು ಬಂದ ವೇಗದ ಕಂಪನಗಳನ್ನು ಕೆಪ್ಯಾಸಿಟರು ಬದಿಗೆ ಹಾಯಿಸಿಬಿಡುತ್ತದೆ. ಜರಡಿಯು ಹಿಟ್ಟನ್ನು ಬಿಟ್ಟು ತೌಡನ್ನು ಹಿಡಿದಂತೆ, ಟೆಲಿಫೋನಿನ ಕಡೆಗೆ ಮಾತು ಮಾತ್ರ ಹೋಗುತ್ತದೆ.

ಪೆಟ್ಟಿಗೆಗೆ ಮೂರು ಬಾಯಿಗಳಿರುತ್ತವೆ. ‘ಲೈನ್’ ಎಂಬುದಕ್ಕೆ ಗೋಡೆಯ ತಂತಿ, ‘ಫೋನ್’ ಎಂಬುದಕ್ಕೆ ಟೆಲಿಫೋನು, ‘ಮೋಡೆಮ್’ ಅಥವಾ ‘ಡಿ.ಎಸ್.ಎಲ್.’ ಎಂಬುದಕ್ಕೆ ಮೋಡೆಮು. ಅಕ್ಷರಗಳು ಸಣ್ಣವಾಗಿರುವುದರಿಂದ ಮನೆ ಗುಡಿಸುವಾಗ ಕಿತ್ತು ಮತ್ತೆ ಸಿಕ್ಕಿಸಿದ ಮೇಲೆ ತಂತಿಗಳು ಅದಲುಬದಲಾಗುವುದುಂಟು. ಮೊದಲು ಇದನ್ನು ಬೆಳಕಿನಲ್ಲಿ ಹಿಡಿದು ನೋಡಬೇಕು. ಇದರ ಜೊತೆಗೆ ಮೂರು ನಿಯಮಗಳಿವೆ.

ಒಂದು: ಲೈನಿಗೆ ಸೇರಿದ ಪ್ರತಿಯೊಂದು ಟೆಲಿಫೋನೂ ಫಿಲ್ಟರಿನ ಮೂಲಕವೇ ಹೋಗಬೇಕು. ಮುಂದಿನ ಕೋಣೆಯ ಫೋನಿಗೆ ಫಿಲ್ಟರು ಹಾಕಿ, ಮಲಗುವ ಕೋಣೆಯ ಪ್ಯಾರಲಲ್ ಫೋನನ್ನು ಹಾಗೆಯೇ ಬಿಟ್ಟರೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಫ್ಯಾಕ್ಸು ಯಂತ್ರ, ನಂಬರು ತೋರಿಸುವ ಪೆಟ್ಟಿಗೆ, ಕಾರ್ಡ್‌ಲೆಸ್ ಫೋನಿನ ಪೀಠ, ಹೆಚ್ಚುವರಿ ಗಂಟೆ, ಇವೆಲ್ಲವೂ ಟೆಲಿಫೋನೆಂದೇ ಲೆಕ್ಕ.

ಎರಡು: ಮೋಡೆಮು ಎಂದಿಗೂ ಫಿಲ್ಟರಿನ ‘ಫೋನ್’ ಬಾಯಿಯ ನಂತರ ಬರಬಾರದು. ಅಲ್ಲಿ ಅದಕ್ಕೆ ಬೇಕಾದ ಸಂಕೇತವೇ ಉಳಿದಿರುವುದಿಲ್ಲ. ಹಾಗೆಯೇ ಒಂದರ ಹಿಂದೆ ಒಂದು ಎರಡು ಫಿಲ್ಟರು ಜೋಡಿಸುವುದೂ ಬೇಡ.

ಮೂರು: ಫೋನುಗಳು ಹಲವಿದ್ದರೆ, ತಂತಿ ಮನೆಯೊಳಗೆ ಬರುವ ಜಾಗದಲ್ಲಿಯೇ ಒಂದು ಸ್ಪ್ಲಿಟರು ಹಾಕಿಸಿ, ಅದರ ‘ಫೋನ್’ ಬಾಯಿಯಿಂದ ಎಲ್ಲ ಕೋಣೆಗಳಿಗೂ, ‘ಮೋಡೆಮ್’ ಬಾಯಿಯಿಂದ ಮೋಡೆಮಿಗೆ ಪ್ರತ್ಯೇಕ ತಂತಿ ಎಳೆಯುವುದು ಲೇಸು.

ಮೊದಲು ದೀಪಗಳನ್ನು ನೋಡಿ

ಯಾವ ತಂತಿಯನ್ನೂ ಕೀಳುವ ಮೊದಲು ಮೋಡೆಮಿನ ಮುಂದೆ ಕುಳಿತು, ಮೊಬೈಲಿನಿಂದ ಮನೆಯ ನಂಬರಿಗೆ ಫೋನು ಮಾಡಿಸಿ ದೀಪಗಳನ್ನು ನೋಡಬೇಕು.

‘ಡಿ.ಎಸ್.ಎಲ್.’ ಅಥವಾ ‘ಎ.ಡಿ.ಎಸ್.ಎಲ್.’ ದೀಪ ಆರಿ ಅಥವಾ ಮಿಟುಕಿದರೆ, ತಂತಿಯಲ್ಲಿ ತಾಳ ತಪ್ಪಿದೆ ಎಂದರ್ಥ. ಈ ಲೇಖನದ ಮುಖ್ಯ ವಿಷಯ ಅದೇ. ಆ ದೀಪ ನಿಶ್ಚಲವಾಗಿದ್ದು ‘ಇಂಟರ್‌ನೆಟ್’ ದೀಪ ಮಾತ್ರ ಆರಿದರೆ, ತಂತಿ ಸರಿಯಾಗಿದೆ; ಹೆಸರು ಮತ್ತು ಗುಪ್ತಪದದ, ಇಲ್ಲವೆ ಕಂಪೆನಿಯ ಕಡೆಯ ತೊಂದರೆ. ಎರಡೂ ದೀಪಗಳು ನಿಶ್ಚಲವಾಗಿದ್ದು ಮೊಬೈಲಿಗೋ ಕಂಪ್ಯೂಟರಿಗೋ ಮಾತ್ರ ಸಂಪರ್ಕ ಹೋದರೆ, ದೋಷ ತಂತಿಯಲ್ಲಿಲ್ಲ, ವೈಫೈಯಲ್ಲಿದೆ. ಕಂಪ್ಯೂಟರನ್ನು ಮೋಡೆಮಿಗೆ ತಂತಿಯಿಂದ ಜೋಡಿಸಿ ನೋಡಿದರೆ ಈ ಮಾತು ಖಚಿತವಾಗುತ್ತದೆ.

ಯಾವ ಕ್ಷಣದಲ್ಲಿ ಕಡಿಯುತ್ತದೆ?

ವೈದ್ಯರು ‘ಜ್ವರ ಯಾವ ಹೊತ್ತಿಗೆ ಬರುತ್ತದೆ’ ಎಂದು ಕೇಳುವಂತೆ ಇಲ್ಲಿಯೂ ಕೇಳಬೇಕು.

ರಿಸೀವರು ಎತ್ತಿದಾಗ ಕಡಿದು, ಮಾತು ಮುಗಿಯುವವರೆಗೂ ಬಾರದೆ, ಇಟ್ಟ ಮೇಲೆ ಬಂದರೆ: ಯಾವುದೋ ಒಂದು ಫೋನಿಗೆ ಫಿಲ್ಟರು ಇಲ್ಲ, ಅಥವಾ ಇರುವ ಫಿಲ್ಟರು ಕೆಟ್ಟಿದೆ. ಮಾತಿನ ನಡುವೆ ಕಿವಿಗೆ ‘ಸುಯ್’ ಎಂಬ ಶಬ್ದ ಬರುತ್ತಿದ್ದರೆ ಇದು ಇನ್ನಷ್ಟು ಖಚಿತ.

ಗಂಟೆ ಹೊಡೆಯುವಾಗ ಮಾತ್ರ ಕಡಿದರೆ: ಫಿಲ್ಟರಿನ ದೋಷವೂ ಇರಬಹುದು, ತಂತಿಯ ಯಾವುದೋ ಜಾಯಿಂಟಿನ ದೋಷವೂ ಇರಬಹುದು. ಸಡಿಲವಾದ, ಕಿಲುಬು ಹಿಡಿದ ಜಾಯಿಂಟು ಸಣ್ಣ ಸಂಕೇತವನ್ನು ಹೇಗೋ ದಾಟಿಸುತ್ತದೆ. ಗಂಟೆಯ ದೊಡ್ಡ ವೋಲ್ಟು ಬಂದಾಗ ಅಲ್ಲಿ ಸಂಪರ್ಕ ನಡುಗುತ್ತದೆ.

ಎತ್ತಿದಾಗ ಇಂಟರ್‌ನೆಟ್ ಸುಧಾರಿಸಿದರೆ: ಇದು ವಿಚಿತ್ರವಾಗಿ ಕಂಡರೂ ನಡೆಯುವ ಸಂಗತಿ. ರಿಸೀವರನ್ನು ಎತ್ತಿಟ್ಟರೆ ನೆಟ್ಟು ಚೆನ್ನಾಗಿ ನಡೆಯುತ್ತದೆ, ಕೆಳಗಿಟ್ಟರೆ ಕೆಡುತ್ತದೆ ಎನ್ನುವವರಿದ್ದಾರೆ. ಕಾರಣವಿಷ್ಟೆ. ಫೋನು ಎತ್ತಿದಾಗ ಹರಿಯುವ ವಿದ್ಯುತ್ಪ್ರವಾಹವು ಜಾಯಿಂಟಿನ ಮೇಲೆ ಕಟ್ಟಿದ ಕಿಲುಬಿನ ಪೊರೆಯನ್ನು ತಾತ್ಕಾಲಿಕವಾಗಿ ಭೇದಿಸುತ್ತದೆ. ಈ ಲಕ್ಷಣ ಕಂಡರೆ ಫಿಲ್ಟರಿಗೆ ಹಣ ಸುರಿಯಬೇಕಾಗಿಲ್ಲ; ಜಾಯಿಂಟು ಹುಡುಕಬೇಕು.

ಫೋನಿನಲ್ಲಿ ಚಟಪಟ ಶಬ್ದ ಬರುತ್ತಿದ್ದರೆ: ಇದೂ ಜಾಯಿಂಟಿನ ಗುರುತೇ. ಮಳೆಗಾಲದಲ್ಲಿ ಹೆಚ್ಚಾಗಿ ಬೇಸಗೆಯಲ್ಲಿ ಕಡಿಮೆಯಾದರೆ ನೀರು ತಾಗುವ ಜಾಗದಲ್ಲಿ ಜಾಯಿಂಟು ಇದೆ ಎಂದು ತಿಳಿಯಬೇಕು.

ಒಂದು ಸಂಜೆಯ ಪರೀಕ್ಷೆ

ಈಗ ಗಡಿಯ ಪರೀಕ್ಷೆ. ಇದಕ್ಕೆ ಬೇಕಾದದ್ದು ಒಂದು ಸಂಜೆಯ ಬಿಡುವು, ಒಂದು ಮೊಬೈಲು, ಒಂದು ಕಾಗದ, ಒಂದು ಪೆನ್ಸಿಲು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮೊದಲನೆಯ ಹೆಜ್ಜೆ. ಹೊರಗಿನ ತಂತಿ ಮನೆಯೊಳಗೆ ಬಂದು ಸೇರುವ ಮೊದಲ ಪೆಟ್ಟಿಗೆಯನ್ನು ಗುರುತಿಸಿ. ಲೈನ್‌ಮನ್ನರು ಇದನ್ನು ರೊಸೆಟ್ ಎನ್ನುತ್ತಾರೆ. ಕಂಪೆನಿಯ ತಂತಿ ಇಲ್ಲಿಗೆ ಮುಗಿಯುತ್ತದೆ; ಮುಂದಿನದು ನಮ್ಮದು. ಮನೆಯಲ್ಲಿರುವ ಎಲ್ಲ ಟೆಲಿಫೋನುಗಳನ್ನೂ ಕಿತ್ತಿಡಿ. ಬೀರುವಿನ ಹಿಂದೆ, ಮಂಚದ ಕೆಳಗೆ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಹಳೆಯ ಫೋನು ಸಿಕ್ಕಿಕೊಂಡಿರಬಹುದು, ಅದನ್ನೂ ನೋಡಿ.

ಎರಡನೆಯ ಹೆಜ್ಜೆ. ಫಿಲ್ಟರಿಲ್ಲದೆ, ಗಿಡ್ಡನೆಯ ಒಳ್ಳೆಯ ತಂತಿಯಿಂದ ಮೋಡೆಮನ್ನು ನೇರವಾಗಿ ರೊಸೆಟ್ಟಿಗೆ ಜೋಡಿಸಿ ಒಂದು ಗಂಟೆ ಬಿಡಿ. ನಡುವೆ ಮೊಬೈಲಿನಿಂದ ಮನೆಯ ನಂಬರಿಗೆ ಎರಡು ಸಲ ಕರೆ ಮಾಡಿ. ಫೋನು ಇಲ್ಲದಿದ್ದರೂ ಗಂಟೆಯ ವೋಲ್ಟು ತಂತಿಗೆ ಬರುತ್ತದೆ. ಯಾವ ಟೆಲಿಫೋನೂ ಇಲ್ಲದೆಯೂ ಡಿ.ಎಸ್.ಎಲ್. ದೀಪ ಆರಿದರೆ ದೋಷ ಹೊರಗಿನದು, ಇಲ್ಲವೆ ಮೋಡೆಮಿನದು. ನೆರೆಯವರ ಮೋಡೆಮು ಸಿಕ್ಕರೆ ಹಾಕಿ ನೋಡಿ. ಅದೂ ಆರಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ದೂರು ಕೊಡಬೇಕು.

ಮೂರನೆಯ ಹೆಜ್ಜೆ. ದೀಪ ಆರದಿದ್ದರೆ ರೊಸೆಟ್ಟಿಗೆ ಫಿಲ್ಟರು ಹಾಕಿ, ಅದಕ್ಕೆ ಒಂದೇ ಒಂದು ಟೆಲಿಫೋನನ್ನು ಮತ್ತು ಮೋಡೆಮನ್ನು ಸೇರಿಸಿ. ಮೊಬೈಲಿನಿಂದ ಕರೆ ಮಾಡಿ ಐದಾರು ಗಂಟೆ ಹೊಡೆಯಲು ಬಿಡಿ, ಎತ್ತಿ ಎರಡು ನಿಮಿಷ ಮಾತನಾಡಿ, ಇಡಿ. ಮೂರು ಸಲ ಹೀಗೆ ಮಾಡಿ. ಕಡಿದರೆ ಮೊದಲು ತಂತಿ, ಆಮೇಲೆ ಟೆಲಿಫೋನು, ಕೊನೆಗೆ ಫಿಲ್ಟರು, ಹೀಗೆ ಒಂದೊಂದಾಗಿ ಬದಲಿಸಿ ನೋಡಿ. ಫಿಲ್ಟರಿನ ಬೆಲೆ ಮೋಡೆಮಿನ ಬೆಲೆಯ ಒಂದು ಸಣ್ಣ ಅಂಶ ಮಾತ್ರ. ಸಿಡಿಲಿನ ದಿನಗಳಲ್ಲಿ ಅದು ಸದ್ದಿಲ್ಲದೆ ಕೆಡುವುದೂ ಉಂಟು. ಮೂರನ್ನೂ ಬದಲಿಸಿದ ಮೇಲೂ ಕಡಿಯುತ್ತಿದ್ದರೆ ಹೊರಗಿನ ಜಾಯಿಂಟನ್ನೇ ಸಂಶಯಿಸಬೇಕು.

ನಾಲ್ಕನೆಯ ಹೆಜ್ಜೆ. ಕಡಿಯದಿದ್ದರೆ ಹೊರಗಿನ ತಂತಿಯೂ ಮೋಡೆಮೂ ನಿರ್ದೋಷಿ. ಇನ್ನು ಮನೆಯೊಳಗಿನ ತಂತಿಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಸಲವೂ ಕರೆ ಮಾಡಿ ನೋಡಿ. ಯಾವುದನ್ನು ಸೇರಿಸಿದಾಗ ಕಡಿಯಿತೋ ಅಲ್ಲಿಯೇ ದೋಷ.

ಮೋಡೆಮಿನ ಒಳಪುಟವನ್ನು ನೋಡಬಲ್ಲವರು ಇನ್ನೊಂದು ಅಂಕಿಯನ್ನೂ ಗುರುತು ಹಾಕಿಕೊಳ್ಳಬಹುದು. ಅನೇಕ ಮೋಡೆಮುಗಳಲ್ಲಿ 192.168.1.1 ಎಂಬ ವಿಳಾಸದಿಂದ ಆ ಪುಟ ತೆರೆಯುತ್ತದೆ. ಅಲ್ಲಿ ‘ನಾಯ್ಸ್ ಮಾರ್ಜಿನ್’ ಎಂದು ಡೆಸಿಬೆಲ್ ಲೆಕ್ಕದಲ್ಲಿ ಒಂದು ಸಂಖ್ಯೆಯಿರುತ್ತದೆ. ಗದ್ದಲಕ್ಕಿಂತ ನಮ್ಮ ಸಂಕೇತಕ್ಕೆ ಎಷ್ಟು ಉಸಿರಾಡುವ ಜಾಗವಿದೆ ಎಂಬುದನ್ನು ಅದು ಹೇಳುತ್ತದೆ. ಅದು ಹತ್ತಕ್ಕಿಂತ ಮೇಲಿದ್ದರೆ ನೆಮ್ಮದಿ, ಆರಕ್ಕಿಂತ ಕೆಳಗಿದ್ದರೆ ಸಣ್ಣ ಜೋಲಿಗೂ ತಾಳ ತಪ್ಪುತ್ತದೆ. ಫೋನು ಇಟ್ಟಿರುವಾಗ ಎಷ್ಟು, ಎತ್ತಿದಾಗ ಎಷ್ಟು ಎಂದು ಎರಡನ್ನೂ ಬರೆದಿಟ್ಟುಕೊಂಡರೆ ಲೈನ್‌ಮನ್ನನಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಒಂದು ಎಚ್ಚರಿಕೆ. ಗಂಟೆಯ ವೋಲ್ಟು ಕೈಗೆ ತಾಗಿದರೆ ಚೆನ್ನಾಗಿ ಝುಮ್ಮೆನ್ನುತ್ತದೆ. ಆದುದರಿಂದ ಬರಿಯ ತಂತಿಯನ್ನು ಮುಟ್ಟಬಾರದು. ಗುಡುಗು ಮಿಂಚು ಇರುವಾಗ ಈ ಕೆಲಸಕ್ಕೆ ಕೈ ಹಾಕಬಾರದು. ಕಟ್ಟಡದ ಕೆಳಗಿರುವ ಕಂಪೆನಿಯ ಡಿ.ಪಿ. ಪೆಟ್ಟಿಗೆಯನ್ನು ನಾವು ತೆರೆಯಬಾರದು. ಅಲ್ಲಿ ನಮ್ಮ ತಂತಿಯ ಜೊತೆ ನೆರೆಯವರ ತಂತಿಯೂ ಇರುತ್ತದೆ.

ಮನೆಯೊಳಗಿನ ಸಾಮಾನ್ಯ ದೋಷಗಳು

ನ್ಯಾಯ ಖಂಡ, ಶಕ್ತಿ ಖಂಡ, ಜ್ಞಾನ ಖಂಡಗಳ ಬಹುಮಹಡಿ ಮನೆಗಳಲ್ಲಿ ನಮ್ಮವರು ಹೆಚ್ಚಾಗಿ ಬಾಡಿಗೆಗೆ ಇರುವವರು. ಗೋಡೆಯೊಳಗಿನ ತಂತಿಯನ್ನು ಯಾರು ಯಾವಾಗ ಎಳೆದರೋ ತಿಳಿಯದು. ಅಂತಹ ಮನೆಗಳಲ್ಲಿ ಮೊದಲು ನೋಡಬೇಕಾದವು ಇವು: ಎರಡು ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಜಾಯಿಂಟು, ಬಾಗಿಲ ಸಂದಿಯಲ್ಲಿ ಅಮುಕಿಹೋದ ತಂತಿ, ಮೋಡೆಮಿಗೆ ಕೋಣೆಯ ಸುತ್ತ ಎಳೆದ ಹತ್ತಿಪ್ಪತ್ತು ಮೀಟರಿನ ಚಪ್ಪಟೆ ತಂತಿ. ಚಪ್ಪಟೆ ತಂತಿ ಮಾತಿಗೆ ಸಾಕು, ಇಂಟರ್‌ನೆಟ್ಟಿಗೆ ಸಾಲದು. ಒಂದಕ್ಕೊಂದು ಹೊಸೆದ ಜೋಡಿ ತಂತಿ ಹೊರಗಿನ ಗದ್ದಲವನ್ನು ಕಡಿಮೆ ಹೀರುತ್ತದೆ. ಇವು ಯಾವುವೂ ಬೇಡವೆಂದರೆ ಸುಲಭದ ದಾರಿ ಒಂದಿದೆ. ಮೋಡೆಮನ್ನು ರೊಸೆಟ್ಟಿನ ಬಳಿಯೇ ಇಟ್ಟು, ಕೋಣೆಗಳಿಗೆ ವೈಫೈಯಿಂದಲೋ ಉದ್ದನೆಯ ಕಂಪ್ಯೂಟರು ತಂತಿಯಿಂದಲೋ ಒಯ್ಯುವುದು.

ಫೈಬರು ಮತ್ತು ಕಾರ್ಡ್‌ಲೆಸ್ ಇರುವವರಿಗೆ

ಈಗ ಅನೇಕ ಮನೆಗಳಿಗೆ ತಾಮ್ರದ ಬದಲು ಗಾಜಿನ ಎಳೆಯ ಫೈಬರು ಬಂದಿದೆ. ಅದರಲ್ಲಿ ಮಾತೂ ಅಂಕಿಯಾಗಿಯೇ ಬರುತ್ತದೆ. ಟೆಲಿಫೋನನ್ನು ಗೋಡೆಗಲ್ಲ, ಫೈಬರಿನ ಪೆಟ್ಟಿಗೆಯ ಹಿಂದೆಯೇ ಸಿಕ್ಕಿಸುತ್ತಾರೆ. ಅಲ್ಲಿ ಗಂಟೆಗೂ ಇಂಟರ್‌ನೆಟ್ಟಿಗೂ ಜಗಳವಿಲ್ಲ, ಫಿಲ್ಟರೂ ಬೇಡ. ಆದರೆ ಮನೆಯ ವಿದ್ಯುತ್ತು ಹೋದರೆ ಟೆಲಿಫೋನೂ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಫೈಬರು ಇದ್ದೂ ಫೋನಿನಲ್ಲಿ ಮಾತನಾಡುವಾಗ ಕಡಿದರೆ, ಆ ಫೋನು ಕಾರ್ಡ್‌ಲೆಸ್ಸೇ ಎಂದು ನೋಡಬೇಕು. ಕೆಲವು ಕಾರ್ಡ್‌ಲೆಸ್‌ಗಳು 2.4 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. ವೈಫೈಯ ಒಂದು ದಾರಿಯೂ ಅದೇ. ಪೀಠದ ಕೆಳಗೆ ಅಂಟಿಸಿದ ಚೀಟಿಯಲ್ಲಿ ಈ ಅಂಕಿ ಬರೆದಿರುತ್ತದೆ. ಪೀಠವನ್ನು ವೈಫೈ ಪೆಟ್ಟಿಗೆಯಿಂದ ದೂರ ಇಡುವುದು, ವೈಫೈಯ ಚಾನಲನ್ನು 1, 6, 11 ಇವುಗಳಲ್ಲಿ ಬದಲಿಸುವುದು, ಸಾಧ್ಯವಿದ್ದರೆ 5 ಗಿಗಾಹರ್ಟ್ಸಿನ ದಾರಿಗೆ ಹೋಗುವುದು, ಇವು ಪರಿಹಾರ.

ಎರಡು ಸಿಮ್ಮಿನ ತೊಂದರೆ

ಕೋಣೆ ಹಂಚಿಕೊಂಡು ಇರುವ ನಮ್ಮ ಕಾರ್ಮಿಕ ಬಂಧುಗಳಲ್ಲಿ ಅನೇಕರಿಗೆ ಲೈನೇ ಇಲ್ಲ. ಮೊಬೈಲಿನ ಹಾಟ್‌ಸ್ಪಾಟೇ ಬ್ರಾಡ್‌ಬ್ಯಾಂಡು. ಅಲ್ಲಿಯೂ ಕರೆ ಬಂದಾಗ ಡೇಟಾ ನಿಲ್ಲುವುದುಂಟು. ಕಾರಣ ಮಾತ್ರ ಬೇರೆ. 4ಜಿ ಜಾಲದಲ್ಲಿಯೇ ಮಾತನಾಡುವ ವೋಲ್ಟಿ ಎಂಬ ಕ್ರಮ ಫೋನಿನಲ್ಲಿ ಆನ್ ಆಗಿಲ್ಲದಿದ್ದರೆ, ಕರೆ ಬಂದೊಡನೆ ಫೋನು ಹಳೆಯ ಜಾಲಕ್ಕೆ ಇಳಿಯುತ್ತದೆ. ಡೇಟಾ ನಿಲ್ಲುತ್ತದೆ ಅಥವಾ ತೆವಳುತ್ತದೆ. ಸೆಟ್ಟಿಂಗ್ಸಿನಲ್ಲಿ ವೋಲ್ಟಿಯನ್ನು ಆನ್ ಮಾಡಿದರೆ ಸಾಕು.

ಇನ್ನೊಂದು ಕಾರಣ ನಮ್ಮಂತಹ ವಲಸಿಗರದೇ. ಊರಿನ ಸಿಮ್ಮು ಒಂದು, ಇಲ್ಲಿಯ ಸಿಮ್ಮು ಒಂದು, ಎರಡೂ ಒಂದೇ ಫೋನಿನಲ್ಲಿ. ಡೇಟಾ ಇಲ್ಲಿಯ ಸಿಮ್ಮಿನದು; ಅಮ್ಮನ ಕರೆ ಬರುವುದು ಊರಿನ ಸಿಮ್ಮಿಗೆ. ಹೆಚ್ಚಿನ ಫೋನುಗಳಲ್ಲಿ ಒಂದು ಸಿಮ್ಮಿನಲ್ಲಿ ಮಾತು ನಡೆಯುವಾಗ ಇನ್ನೊಂದು ಸುಮ್ಮನಿರಬೇಕು; ಹಾಗಾಗಿ ಡೇಟಾ ನಿಲ್ಲುತ್ತದೆ. ಕೆಲವು ಫೋನುಗಳಲ್ಲಿ ಕರೆಯ ಹೊತ್ತಿಗೆ ಡೇಟಾವನ್ನು ಇನ್ನೊಂದು ಸಿಮ್ಮಿಗೆ ತಾನಾಗಿ ಬದಲಿಸುವ ಏರ್ಪಾಡಿದೆ. ಅದಿದ್ದರೆ ಆನ್ ಮಾಡಿಡಬೇಕು. ಇಲ್ಲದಿದ್ದರೆ ಊರಿನ ಸಿಮ್ಮನ್ನು ಹಳೆಯ ಸಣ್ಣ ಫೋನಿಗೆ ಹಾಕಿಡುವುದು ಅಗ್ಗದ ಉಪಾಯ. ಪರೀಕ್ಷೆಯ ಅಥವಾ ಉದ್ಯೋಗದ ಅರ್ಜಿ ತುಂಬುವ ದಿನ ಇಷ್ಟನ್ನಾದರೂ ತಪ್ಪದೆ ಮಾಡಬೇಕು.

ದೂರು ಕೊಡುವಾಗ

ಇಂದಿರಾಪುರಂ ದೆಹಲಿಗೆ ಅಂಟಿಕೊಂಡಿದ್ದರೂ ಉತ್ತರ ಪ್ರದೇಶದ ಗಾಜಿಯಾಬಾದ್ ಜಿಲ್ಲೆಗೆ ಸೇರಿದ್ದು. ಇಲ್ಲಿಯ ಟೆಲಿಫೋನಿಗೆ ದೆಹಲಿಯ 011 ಅಲ್ಲ, 0120 ಬರುತ್ತದೆ. ದೆಹಲಿಯಲ್ಲಿರುವ ಸ್ನೇಹಿತರು ಹೇಳಿದ ಕಚೇರಿಗೆ ಅಲೆಯದೆ, ನಮ್ಮ ಬಿಲ್ಲಿನ ಮೇಲಿರುವ ವಿಳಾಸವನ್ನು ನೋಡಿಕೊಳ್ಳಬೇಕು.

‘ನೆಟ್ಟು ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಬಂದವರು ಮೋಡೆಮನ್ನು ಆರಿಸಿ ಹಚ್ಚಿ ಹೋಗುತ್ತಾರೆ. ಪರೀಕ್ಷೆಯ ಫಲವನ್ನೇ ಹೇಳಬೇಕು. ಹಿಂದಿ ಬಾರದ ಬಂಧುಗಳು ಈ ಎರಡು ವಾಕ್ಯಗಳನ್ನು ಬರೆದಿಟ್ಟುಕೊಳ್ಳಬಹುದು: ‘ಘಂಟೀ ಬಜತೇ ಹೀ ಡಿ.ಎಸ್.ಎಲ್. ಲೈಟ್ ಬಂದ್ ಹೋ ಜಾತೀ ಹೈ.’ ‘ಸಾರೇ ಫೋನ್ ನಿಕಾಲ್‌ಕರ್ ದೇಖಾ ಹೈ, ಬಾಹರ್ ಕಾ ಜಾಯಿಂಟ್ ಚೆಕ್ ಕೀಜಿಯೇ.’ ಇಷ್ಟು ಕೇಳಿದ ಲೈನ್‌ಮನ್ನನಿಗೆ ಎಲ್ಲಿಂದ ಕೆಲಸ ಆರಂಭಿಸಬೇಕೆಂದು ಗೊತ್ತಾಗುತ್ತದೆ. ನೂರಾರು ಜೋಡಿ ತಂತಿಗಳ ನಡುವೆ ಒಂದು ಕೆಟ್ಟ ಜಾಯಿಂಟನ್ನು ಹುಡುಕುವವನು ಅವನು. ಅವನ ಅರ್ಧ ಹುಡುಕಾಟವನ್ನು ನಾವು ಮುಗಿಸಿಟ್ಟರೆ ಅವನಿಗೂ ಸಂತೋಷ.

ದೂರು ಕೊಟ್ಟಾಗ ಡಾಕೆಟ್ ನಂಬರನ್ನು ಕೇಳಿ ಪಡೆದು, ದಿನಾಂಕದೊಡನೆ ಬರೆದಿಡಬೇಕು. ಟ್ರಾಯ್ ಸಂಸ್ಥೆಯ 2012ರ ನಿಯಮಗಳ ಪ್ರಕಾರ, ದೂರಿಗೆ ಸರಿಯಾದ ಪರಿಹಾರ ದೊರೆಯದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ. ಆದರೆ ಡಾಕೆಟ್ ನಂಬರಿಲ್ಲದ ಮನವಿ ರಸೀತಿಯಿಲ್ಲದ ಲೆಕ್ಕದಂತೆ; ಯಾರೂ ನೋಡುವುದಿಲ್ಲ.

ನಮ್ಮ ವಾಚನಾಲಯದ ಮೇಜಿನ ಖಾನೆಯಲ್ಲಿ ಸರಿಯಾಗಿ ಕೆಲಸ ಮಾಡುವ ಒಂದು ಫಿಲ್ಟರು, ಒಂದು ಗಿಡ್ಡ ತಂತಿ, ಒಂದು ಹಳೆಯ ಟೆಲಿಫೋನನ್ನು ಇಟ್ಟಿದ್ದೇವೆ. ಮೂರನೆಯ ಹೆಜ್ಜೆಯ ಪರೀಕ್ಷೆಗೆ ಇವೇ ಸಾಕು. ಸದಸ್ಯರಾಗಲಿ ಆಗದಿರಲಿ, ಪುಸ್ತಕದ ರಿಜಿಸ್ಟರಿನಲ್ಲಿ ಹೆಸರು ಬರೆದು ಒಂದು ರಾತ್ರಿಯ ಮಟ್ಟಿಗೆ ಒಯ್ಯಬಹುದು. ಮರುದಿನ ಹಿಂದಿರುಗಿಸುವಾಗ ದೋಷ ಎಲ್ಲಿ ಸಿಕ್ಕಿತೆಂಬುದನ್ನು ಅದೇ ಸಾಲಿನಲ್ಲಿ ಬರೆದರೆ, ಮುಂದೆ ಬರುವವರಿಗೆ ಅದರಿಂದ ಉಪಕಾರವಾಗುತ್ತದೆ.